ಪ್ಲೆಥೊರ: ಇಂಗ್ಲಿಷಿನ ಒಂದು ‘ಅತಿ’ಪದದ ಅರ್ಥ ಮತ್ತು ಬಳಕೆ

ಪ್ಲೆಥೊರ ಎಂಬುದು ಇಂಗ್ಲಿಷಿನಲ್ಲಿ ಆಧಿಕ್ಯವನ್ನು ಸೂಚಿಸುವ ಒಂದು ನಾಮಪದ. ಇಂದಿನ ಬಳಕೆಯಲ್ಲಿ ಅದಕ್ಕೆ ಮೂರು ಅರ್ಥಗಳಿವೆ. ಮೊದಲನೆಯದು ವೈದ್ಯಕೀಯ ಅರ್ಥ: ದೇಹದಲ್ಲಿ ಅಥವಾ ದೇಹದ ಒಂದು ಭಾಗದಲ್ಲಿ ರಕ್ತ ಮಿತಿಮೀರಿ ತುಂಬಿಕೊಂಡಿರುವ ಸ್ಥಿತಿ. ಎರಡನೆಯದು ಅದರಿಂದ ಹುಟ್ಟಿದ ಲಾಕ್ಷಣಿಕ ಅರ್ಥ: ಯಾವುದೇ ವಸ್ತು ಬೇಕಾದುದಕ್ಕಿಂತ ಹೆಚ್ಚಾಗಿ, ತೊಡಕಾಗುವಷ್ಟು ಇರುವುದು. ಮೂರನೆಯದು ಇನ್ನೂ ಸಡಿಲವಾದದ್ದು: ಹೇರಳವಾಗಿ ಇರುವುದು, ಬಗೆಬಗೆಯಾಗಿ ಸಿಗುವುದು. ರೋಗವೊಂದರ ಹೆಸರಾಗಿ ಹುಟ್ಟಿದ ಪದ ಜಾಹೀರಾತಿನ ಹೊಗಳಿಕೆಯ ಮಾತಾಗಿ ಬೆಳೆದಿರುವುದರಿಂದ ಅದರ ಸರಿಯಾದ ಬಳಕೆ ಯಾವುದು ಎಂಬ ಚರ್ಚೆ ಇಂಗ್ಲಿಷ್ ಬರೆಯುವವರ ನಡುವೆ ಬಹುಕಾಲದಿಂದ ನಡೆದಿದೆ. ಪದದ ಚರಿತ್ರೆಯನ್ನು ಗಮನಿಸಿದರೆ ಈ ಚರ್ಚೆಗೆ ನಿಘಂಟುಗಳಾಚೆಯ ಮಹತ್ವವೂ ಇದೆ ಎಂದು ತಿಳಿಯುತ್ತದೆ. ಒಂದು ವಸ್ತು ‘ಅತಿ’ಯಾಗಿದೆ ಎಂದು ಹೇಳಲು ಅದರ ಎಣಿಕೆಯೊಂದೇ ಸಾಲದು; ಅದನ್ನು ಹಿಡಿಯುವ ಜಾಗ ಎಷ್ಟು, ಹೊರುವ ಕಸುವು ಎಷ್ಟು ಎಂಬುದೂ ಗೊತ್ತಿರಬೇಕು. ಪ್ರಾಚೀನ ಗ್ರೀಕ್ ವೈದ್ಯರು ಈ ಪದಕ್ಕೆ ಕೊಟ್ಟ ಮುಖ್ಯ ತಿಳಿವಳಿಕೆ ಇದೇ. ಈ ತಿಳಿವಳಿಕೆಯನ್ನು ಮರೆತಲ್ಲಿ ವೈದ್ಯವೂ ದಾರಿ ತಪ್ಪಿತು, ಪದವೂ ತನ್ನ ಹುರುಪು ಕಳೆದುಕೊಂಡಿತು ಎಂಬುದನ್ನು ಮುಂದಿನ ವಿವರಗಳು ತೋರಿಸುತ್ತವೆ.

ವ್ಯುತ್ಪತ್ತಿ

‘ತುಂಬಿರು’ ಎಂಬರ್ಥದ ಗ್ರೀಕ್ ಕ್ರಿಯಾಪದ ಪ್ಲೇಥೈನ್. ಅದರಿಂದ ‘ತುಂಬಿದ ಸ್ಥಿತಿ’ ಎಂಬರ್ಥದ ಪ್ಲೇಥೋರೆ ಬಂತು. ಅದು ಉತ್ತರಕಾಲದ ಲ್ಯಾಟಿನ್ನಿನಲ್ಲಿ ಪ್ಲೆಥೊರ ಆಯಿತು. 16ನೆಯ ಶತಮಾನದಲ್ಲಿ ವೈದ್ಯಗ್ರಂಥಗಳ ಮೂಲಕ ಇಂಗ್ಲಿಷಿಗೆ ಸೇರಿತು. ಇವೆಲ್ಲದರ ಹಿಂದೆ ‘ತುಂಬು’ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿದೆ. ಲ್ಯಾಟಿನ್ನಿನ ಪ್ಲೇನುಸ್, ಇಂಗ್ಲಿಷಿನ ಫುಲ್, ಫಿಲ್, ಪ್ಲೆಂಟಿ, ಸಂಸ್ಕೃತದ ಪೂರ್ಣ ಇವೆಲ್ಲ ಅದೇ ಧಾತುವಿನ ಕವಲುಗಳು. ಹೀಗಾಗಿ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪೂರ್ಣ, ಸಂಪೂರ್ಣ, ಪರಿಪೂರ್ಣ, ಪೂರ್ತಿ ಎಂಬ ಪದಗಳು, ತದ್ಭವವಾಗಿ ಮನೆಮಾತಾದ ಹುಣ್ಣಿಮೆ ಕೂಡ, ಪ್ಲೆಥೊರಕ್ಕೆ ದೂರದ ನೆಂಟರು. ಈ ನೆಂಟಸ್ತಿಕೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತುಂಬಿರುವುದು ಭಾರತೀಯ ಕವಲಿನಲ್ಲಿ ಕೊರತೆಯಿಲ್ಲದ ನಿಲುವಿನ ಹೆಸರಾಯಿತು. ಗ್ರೀಕ್ ವೈದ್ಯರ ಕೈಯಲ್ಲಿ ಅದೇ ತುಂಬುವಿಕೆ ಬೇನೆಯ ಹೆಸರಾಯಿತು. ಎಂದರೆ ತುಂಬಿರುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಧಾತುವಿನಲ್ಲಿ ಇರುವುದಿಲ್ಲ, ಪದ ಬಳಕೆಯಾಗುವ ಸಂದರ್ಭ ಅದನ್ನು ಕೊಡುತ್ತದೆ.

ಗ್ರೀಕ್ ವೈದ್ಯದಲ್ಲಿ

ಪ್ಲೆಥೊರವನ್ನು ರೋಗಶಾಸ್ತ್ರದ ಕೇಂದ್ರಕ್ಕೆ ತಂದವನು ಕ್ರಿಸ್ತಪೂರ್ವ 3ನೆಯ ಶತಮಾನದ ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್. ಆತನ ಅಂಗರಚನಾ ಅಧ್ಯಯನಗಳು ಅಲೆಕ್ಸಾಂಡ್ರಿಯಾದ ವೈದ್ಯಪರಂಪರೆಗೆ ಸೇರಿವೆ. ಅಭಿಧಮನಿಗಳಲ್ಲಿ ರಕ್ತವೂ ಅಪಧಮನಿಗಳಲ್ಲಿ ಪ್ರಾಣವಾಯುವೂ ಹರಿಯುತ್ತವೆ ಎಂದು ಆತ ನಂಬಿದ್ದ. ಉಂಡ ಆಹಾರ ಬಳಕೆಯಾಗದೆ ಉಳಿದಾಗ ಅಭಿಧಮನಿಗಳಲ್ಲಿ ರಕ್ತ ತುಂಬಿ, ವಾಯುವಿನ ದಾರಿಗೆ ನುಗ್ಗಿ, ಉರಿಯೂತ ಮತ್ತು ಜ್ವರಗಳನ್ನು ಹುಟ್ಟಿಸುತ್ತದೆ ಎಂಬುದು ಆತನ ಸಿದ್ಧಾಂತ. ಅಪಧಮನಿಗಳಲ್ಲಿ ಇರುವುದು ವಾಯು ಎಂಬ ಊಹೆ ತಪ್ಪು. ಆದರೆ ಆತ ಸೂಚಿಸಿದ ಚಿಕಿತ್ಸೆಯಲ್ಲಿ ಸಂಯಮವಿತ್ತು. ತುಂಬಿದ್ದನ್ನು ಕೊಯ್ದು ಹೊರಹಾಕುವ ಬದಲು ಒಳಬರುವುದನ್ನು ತಡೆಯಬೇಕು, ಅಂದರೆ ಉಪವಾಸ ಮಾಡಿಸಬೇಕು, ಊಟ ಇಳಿಸಬೇಕು ಎಂಬುದು ಆತನ ಒಲವು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ ರೋಮಿನಲ್ಲಿ ಕೆಲಸ ಮಾಡಿದ ವೈದ್ಯ ಗೇಲೆನ್ ಇದನ್ನು ಕಟುವಾಗಿ ವಿರೋಧಿಸಿ, ಎರಾಸಿಸ್ಟ್ರಾಟಸನ ಅನುಯಾಯಿಗಳ ವಿರುದ್ಧ ಗ್ರಂಥವನ್ನೇ ಬರೆದ. ತುಂಬುವಿಕೆಯೇ ರೋಗವಾದರೆ ಅದನ್ನು ನೇರವಾಗಿ ತಗ್ಗಿಸುವ ಸಿರಾವೇಧವನ್ನು, ಅಂದರೆ ಅಭಿಧಮನಿ ಸೀಳಿ ರಕ್ತ ಹರಿಸುವುದನ್ನು, ಏಕೆ ಬಿಡಬೇಕು ಎಂಬುದು ಗೇಲೆನ್ನನ ಪ್ರಶ್ನೆಯಾಗಿತ್ತು.

ಗೇಲೆನ್ನನ ಚಿಕಿತ್ಸೆ ಮುಂದೆ ಬಹಳ ಹಾನಿ ಮಾಡಿತು. ಆದರೆ ಪ್ಲೆಥೊರದ ಬಗ್ಗೆ ಆತ ಮಾಡಿದ ವಿಭಾಗ ಇಂದಿಗೂ ಬೆಲೆಯುಳ್ಳದ್ದು. ತುಂಬುವಿಕೆಯಲ್ಲಿ ಎರಡು ಬಗೆ ಎಂದು ಆತ ಹೇಳಿದ. ಒಂದು ನಾಳಗಳಿಗೆ ಸಂಬಂಧಿಸಿದ್ದು: ಹಿಡಿಸುವಷ್ಟಕ್ಕಿಂತ ಹೆಚ್ಚು ರಕ್ತ ತುಂಬಿ ನಾಳಗಳು ಬಿಗಿಯುತ್ತವೆ, ರೋಗಿಗೆ ಸೆಳೆತದ ಅನುಭವವಾಗುತ್ತದೆ. ಇನ್ನೊಂದು ಶಕ್ತಿಗೆ ಸಂಬಂಧಿಸಿದ್ದು: ನಾಳಗಳಲ್ಲಿ ಇನ್ನೂ ಜಾಗವಿದ್ದರೂ ಇರುವ ರಕ್ತವನ್ನು ನಿಭಾಯಿಸುವ ಕಸುವು ದೇಹಕ್ಕೆ ಇರುವುದಿಲ್ಲ, ರೋಗಿಗೆ ಭಾರದ ಅನುಭವವಾಗುತ್ತದೆ. ಅರ್ಧ ಕೊಡ ನೀರು ಕೊಡದ ಮಟ್ಟಿಗೆ ಕಡಿಮೆ. ಜ್ವರದಿಂದ ಎದ್ದವರ ಸೊಂಟಕ್ಕೆ ಅದೇ ಅತಿ. ಹೀಗೆ ಒಂದೇ ಪ್ರಮಾಣ ಒಬ್ಬನಿಗೆ ಹಿತವೂ ಇನ್ನೊಬ್ಬನಿಗೆ ಅತಿಯೂ ಆಗಬಹುದು ಎಂಬುದನ್ನು ಗೇಲೆನ್ ಸಿದ್ಧಾಂತದ ಮಟ್ಟದಲ್ಲಿ ಒಪ್ಪಿದ್ದ. ಮುಂದಿನ ಚರ್ಚೆಯಲ್ಲಿ ಈ ಎರಡನ್ನು ಪಾತ್ರೆಯ ಅಳತೆ ಮತ್ತು ಕಸುವಿನ ಅಳತೆ ಎಂದು ಕರೆಯಬಹುದು.

ಅಳತೆ ತಪ್ಪಿದ ಕಾಲ

ಗೇಲೆನ್ನನ ಗ್ರಂಥಗಳು ಯುರೋಪಿನ ವೈದ್ಯಶಿಕ್ಷಣವನ್ನು ಶತಮಾನಗಳ ಕಾಲ ಆಳಿದವು. ಪ್ಲೆಥೊರ ಇಂಗ್ಲಿಷಿಗೆ ಬಂದದ್ದು ಆ ಪರಂಪರೆಯ ಪಾರಿಭಾಷಿಕ ಪದವಾಗಿಯೇ. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದಾಗಲೂ ಪದವನ್ನು ವಿವರಿಸಿದ್ದು ನಾಳಗಳಲ್ಲಿ ಆರೋಗ್ಯಕ್ಕೆ ತಕ್ಕುದಕ್ಕಿಂತ ಹೆಚ್ಚು ದ್ರವ ತುಂಬಿರುವ ಸ್ಥಿತಿ ಎಂದೇ. ಈ ವಿವರಣೆಯೊಳಗೂ ‘ಆರೋಗ್ಯಕ್ಕೆ ತಕ್ಕಷ್ಟು’ ಎಂಬ ಅಳತೆ ಇದೆ. ಆದರೆ ವೈದ್ಯರು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಾಗ ಆ ‘ತಕ್ಕಷ್ಟು’ ಎಷ್ಟು ಎಂದು ತಿಳಿಯುವ ಸಾಧನ ಅವರ ಬಳಿ ಇರಲಿಲ್ಲ. ಕೆಂಪಗಿನ ಮುಖ, ಬಿಗಿದ ನಾಡಿ, ಜ್ವರ, ತಲೆನೋವು ಇವೆಲ್ಲ ರಕ್ತ ಹೆಚ್ಚಾದ ಗುರುತುಗಳೆಂದು ಎಣಿಸಲ್ಪಟ್ಟವು, ರಕ್ತ ತೆಗೆಯುವುದು ಎಲ್ಲದಕ್ಕೂ ಮದ್ದಾಯಿತು.

1793ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹಳದಿ ಜ್ವರ ಹರಡಿದಾಗ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ವೈದ್ಯ ಬೆಂಜಮಿನ್ ರಶ್ ರೋಗಿಗಳಿಂದ ಧಾರಾಳವಾಗಿ ರಕ್ತ ತೆಗೆಸಿದ. ದೇಹದಲ್ಲಿ ಇರುವ ರಕ್ತವನ್ನು ಆತ ನಿಜಕ್ಕಿಂತ ಎಷ್ಟೋ ಹೆಚ್ಚಾಗಿ ಅಂದಾಜು ಮಾಡಿದ್ದ. ವಯಸ್ಕರ ದೇಹದಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ಈ ಪಾತ್ರೆಯ ಅಳತೆಯೇ ತಪ್ಪಿದ ಮೇಲೆ ಎಷ್ಟು ತೆಗೆದರೂ ಇನ್ನೂ ಉಳಿದಿದೆ ಎಂಬ ಭ್ರಮೆಗೆ ತಡೆ ಇರಲಿಲ್ಲ. ಪ್ಯಾರಿಸಿನಲ್ಲಿ ಬ್ರೂಸೆ ಎಂಬ ವೈದ್ಯ ಬಹುಪಾಲು ರೋಗಗಳಿಗೆ ಉರಿಯೂತವೇ ಕಾರಣವೆಂದು ಬೋಧಿಸಿ ಜಿಗಣೆ ಹಚ್ಚುವುದನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ. 1833ರ ಒಂದೇ ವರ್ಷ ಫ್ರಾನ್ಸ್ ಆಮದು ಮಾಡಿಕೊಂಡ ಜಿಗಣೆಗಳ ಸಂಖ್ಯೆ 4 ಕೋಟಿ ದಾಟಿತ್ತು. ಈ ಪ್ರವಾಹಕ್ಕೆ ತಡೆಯೊಡ್ಡಿದ್ದು ಅದೇ ಪ್ಯಾರಿಸಿನ ವೈದ್ಯ ಪಿಯರ್ ಲೂಯಿ. ನ್ಯುಮೋನಿಯಾ ರೋಗಿಗಳಲ್ಲಿ ಬೇಗ ರಕ್ತ ತೆಗೆಸಿಕೊಂಡವರನ್ನೂ ತಡವಾಗಿ ತೆಗೆಸಿಕೊಂಡವರನ್ನೂ ಎಣಿಸಿ ಹೋಲಿಸಿ, ರಕ್ತ ತೆಗೆಯುವುದರಿಂದ ಆಗುವ ಲಾಭ ವೈದ್ಯರು ನಂಬಿದ್ದಕ್ಕಿಂತ ಬಹಳ ಕಡಿಮೆ ಎಂದು ಆತ 1835ರ ಗ್ರಂಥದಲ್ಲಿ ತೋರಿಸಿದ. ರಕ್ತ ಅತಿಯಾಗಿದೆ ಎಂಬ ತೀರ್ಪನ್ನು ಕಣ್ಣಂದಾಜಿನಲ್ಲಿ ಕೊಡುವಂತಿಲ್ಲ, ಫಲಿತಾಂಶ ಎಣಿಸಿ ಪರೀಕ್ಷಿಸಬೇಕು ಎಂಬ ನಿಯಮ ವೈದ್ಯಕ್ಕೆ ಗಟ್ಟಿಯಾಗಿ ಬಂದದ್ದು ಇಂಥ ಕೆಲಸದಿಂದ.

ಇಂದಿನ ವೈದ್ಯದಲ್ಲಿ

ಹಳೆಯ ಸಿದ್ಧಾಂತ ಬಿದ್ದುಹೋದರೂ ಪದ ವೈದ್ಯಭಾಷೆಯಿಂದ ಮಾಯವಾಗಲಿಲ್ಲ. ಬದಲಾಗಿ ಅಳೆಯಬಹುದಾದ ಕಡೆಗಳಲ್ಲಿ ಮಾತ್ರ ಉಳಿಯಿತು. ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿರುವ ಮಕ್ಕಳಲ್ಲಿ ಎಡಭಾಗದ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶಗಳಿಗೆ ಹೆಚ್ಚು ರಕ್ತ ಹೋಗುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಆ ಚಿತ್ರವನ್ನು ವೈದ್ಯರು ಶ್ವಾಸಕೋಶದ ಪ್ಲೆಥೊರ ಎನ್ನುತ್ತಾರೆ. ಕುಶಿಂಗ್ ಸಿಂಡ್ರೋಮಿನಲ್ಲಿ ಮುಖ ದುಂಡಗಾಗಿ ಕೆಂಪೇರುವುದಕ್ಕೂ ಇದೇ ಪದವಿದೆ. ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಪಾಲಿಸೈಥೀಮಿಯಾ ವೆರಾ. 1892ರಲ್ಲಿ ಫ್ರಾನ್ಸಿನ ವಾಕೆ, 1903ರಲ್ಲಿ ವಿಲಿಯಂ ಆಸ್ಲರ್ ವಿವರಿಸಿದ ಈ ಕಾಯಿಲೆಯಲ್ಲಿ ಅಸ್ಥಿಮಜ್ಜೆ ಕೆಂಪು ರಕ್ತಕಣಗಳನ್ನು ಮಿತಿಯಿಲ್ಲದೆ ತಯಾರಿಸುತ್ತದೆ. ರೋಗಿಯ ಮುಖ ಕೆಂಪೇರುತ್ತದೆ, ತಲೆ ಭಾರವಾಗುತ್ತದೆ, ಬಿಸಿನೀರಿನ ಸ್ನಾನ ಮಾಡಿದ ಮೇಲೆ ಮೈಯೆಲ್ಲ ತುರಿಸುತ್ತದೆ, ಗುಲ್ಮ ಊದುತ್ತದೆ. ಗಟ್ಟಿಯಾದ ರಕ್ತ ಮಿದುಳಿನಲ್ಲೋ ಹೃದಯದಲ್ಲೋ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಇದರ ಚಿಕಿತ್ಸೆಯಲ್ಲಿ ಇಂದಿಗೂ ತೋಳಿನ ಅಭಿಧಮನಿಯಿಂದ ರಕ್ತ ತೆಗೆಯುತ್ತಾರೆ. ಆದರೆ ಎಷ್ಟು ತೆಗೆಯಬೇಕು ಎಂಬುದಕ್ಕೆ ಅಂಕಿಯಿದೆ: ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ 45ಕ್ಕಿಂತ ಕೆಳಗಿರಬೇಕು. 45ರಿಂದ 50ರ ನಡುವೆ ಇರಿಸಿಕೊಂಡವರಿಗಿಂತ 45ರ ಕೆಳಗೆ ಇರಿಸಿಕೊಂಡ ರೋಗಿಗಳಲ್ಲಿ ಹೃದಯ ಮತ್ತು ರಕ್ತನಾಳಗಳಿಗೆ ಸಂಬಂಧಿಸಿದ ಸಾವುಗಳೂ ಹೆಪ್ಪುಗಟ್ಟುವಿಕೆಯೂ ಸ್ಪಷ್ಟವಾಗಿ ಕಡಿಮೆ ಎಂದು 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ತೋರಿಸಿತು. ರಶ್ ಕಾಲದ ಚಿಕಿತ್ಸೆಗೂ ಇದಕ್ಕೂ ಕೈಕೆಲಸ ಹೆಚ್ಚುಕಡಿಮೆ ಒಂದೇ. ಒಂದು ಕೊಂದಿತು, ಇನ್ನೊಂದು ಉಳಿಸುತ್ತದೆ. ಎರಡರ ನಡುವೆ ಇರುವ ವ್ಯತ್ಯಾಸ ಅಳತೆ.

ಲಾಕ್ಷಣಿಕ ಬಳಕೆ ಮತ್ತು ಸಡಿಲಿಕೆ

18ನೆಯ ಶತಮಾನದಿಂದ ಪದ ದೇಹವನ್ನು ದಾಟಿ ಹಣ, ಸರಕು, ಜನ, ಪುಸ್ತಕಗಳಿಗೂ ಅನ್ವಯವಾಗತೊಡಗಿತು. ಆರಂಭದ ಈ ಬಳಕೆಗಳಲ್ಲಿ ರೋಗದ ನೆನಪು ಉಳಿದಿತ್ತು. ಒಂದು ದೇಶದಲ್ಲಿ ಬಂಡವಾಳದ ಪ್ಲೆಥೊರವಿದೆ ಎಂದರೆ ಅದು ಹರಿಯಲು ದಾರಿಯಿಲ್ಲದೆ ತುಂಬಿ ನಿಂತಿದೆ ಎಂದು ಓದುಗರು ಗ್ರಹಿಸುತ್ತಿದ್ದರು. ವೈದ್ಯದಲ್ಲಿ ಆ ಸಿದ್ಧಾಂತ ಮರೆಯಾದಂತೆ ಪದದ ಬೆನ್ನಿಗಿದ್ದ ಚಿತ್ರವೂ ಮಸುಕಾಯಿತು. 20ನೆಯ ಶತಮಾನದಲ್ಲಿ ‘ಬಹಳ’ ಎಂಬುದಕ್ಕೆ ಗಂಭೀರವಾಗಿ ಕೇಳುವ ಬದಲಿಪದವಾಗಿ ಅದು ಹರಡಿತು. ಅರ್ಥ ಹೀಗೆ ತೆಳುವಾದದ್ದಕ್ಕೆ ವ್ಯಾಕರಣದಲ್ಲೇ ಸಾಕ್ಷಿಯಿದೆ. ‘ಎ ಪ್ಲೆಥೊರ ಆಫ್’ ಎಂಬುದರ ಮುಂದೆ ಬಹುವಚನದ ನಾಮಪದ ಬಂದಾಗ ಕೆಲವರು ಏಕವಚನದ ‘ಈಸ್’ ಬಳಸುತ್ತಾರೆ, ಕೆಲವರು ಬಹುವಚನದ ‘ಆರ್’ ಬಳಸುತ್ತಾರೆ. ನಿಯಮಗಳ ಆಧಿಕ್ಯವೇ ಹೊರೆಯಾಗಿದೆ ಎನ್ನುವಾಗ ಆಧಿಕ್ಯ ಎಂಬುದು ಒಂದು ವಸ್ತು, ಅದಕ್ಕೆ ಏಕವಚನ ಸಹಜ. ಪುಸ್ತಕಗಳು ಬೇಕಾದಷ್ಟು ಸಿಗುತ್ತವೆ ಎನ್ನುವಾಗ ಇಡೀ ಪದಪುಂಜ ‘ಎ ಲಾಟ್ ಆಫ್’ನಂತೆ ಬರೀ ವಿಶೇಷಣವಾಗಿ ಕೆಲಸ ಮಾಡುತ್ತದೆ, ಬಹುವಚನ ಸಹಜವಾಗುತ್ತದೆ. 1986ರ ‘ತ್ರೀ ಅಮಿಗೋಸ್’ ಎಂಬ ಅಮೆರಿಕನ್ ಚಲನಚಿತ್ರದಲ್ಲಿ ಡಕಾಯಿತರ ನಾಯಕ ತನ್ನ ಬಂಟನಿಗೆ ಪ್ಲೆಥೊರದ ಅರ್ಥ ಗೊತ್ತಿದೆಯೇ ಎಂದು ಕೇಳುವ ದೃಶ್ಯ ಜನಪ್ರಿಯವಾಯಿತು. ಪದ ಎಲ್ಲರ ಕಿವಿಗೆ ಬಿದ್ದಿದ್ದರೂ ಅದರ ನಿಖರ ಅರ್ಥ ಹಲವರಿಗೆ ಅಸ್ಪಷ್ಟವಾಗಿತ್ತು ಎಂಬುದಕ್ಕೆ ಅದೊಂದು ಗುರುತು.

ಈ ಸಡಿಲಿಕೆಯನ್ನು ಎಲ್ಲರೂ ಒಪ್ಪಿಲ್ಲ. ಅಮೆರಿಕದ ಬಳಕೆತಜ್ಞ ಬ್ರಯನ್ ಗಾರ್ನರ್ ಮುಂತಾದವರು ಪ್ಲೆಥೊರ ಎಂದರೆ ಅತಿಯಾಗಿರುವುದೇ ಹೊರತು ಹೆಚ್ಚಾಗಿರುವುದಲ್ಲ ಎಂದು ವಾದಿಸಿದ್ದಾರೆ. ಇಂದಿನ ನಿಘಂಟುಗಳಾದರೋ ಎರಡೂ ಅರ್ಥಗಳನ್ನು ದಾಖಲಿಸುತ್ತವೆ. ಸಡಿಲ ಅರ್ಥದ ಪರವಾಗಿ ಇರುವ ಮುಖ್ಯ ಆಕ್ಷೇಪಣೆ ಇದು: ಪದದ ಅರ್ಥವನ್ನು ಅದರ ಹುಟ್ಟಿನಿಂದ ನಿರ್ಧರಿಸುವುದು ತಪ್ಪು, ಜನ ಬಳಸಿದ್ದೇ ಅರ್ಥ. ಈ ಮಾತು ನಿಜ. ಅಲೆ ಎಂಬ ಅರ್ಥದ ಲ್ಯಾಟಿನ್ ಪದ ಉಂಡ. ಇಂಗ್ಲಿಷಿನ ಅಬಂಡೆನ್ಸ್, ರಿಡಂಡೆನ್ಸಿ ಎರಡೂ ಅದರಿಂದಲೇ ಬಂದವು. ಎರಡರಲ್ಲೂ ಉಕ್ಕಿ ಹರಿಯುವ ನೀರಿದೆ. ಒಂದು ಸಮೃದ್ಧಿಯಾಯಿತು, ಇನ್ನೊಂದು ಬೇಡದ ಹೆಚ್ಚಳವಾಗಿ, ಬ್ರಿಟನ್ನಿನಲ್ಲಿ ಕೆಲಸ ಕಳೆದುಕೊಳ್ಳುವುದರ ಹೆಸರೂ ಆಯಿತು. ವ್ಯುತ್ಪತ್ತಿಯೇ ತೀರ್ಪುಗಾರನಾಗಿದ್ದರೆ ಇವೆರಡಕ್ಕೂ ಒಂದೇ ಅರ್ಥ ಇರಬೇಕಿತ್ತು. ಆದ್ದರಿಂದ ಸಡಿಲ ಅರ್ಥವನ್ನು ಅಪಪ್ರಯೋಗವೆಂದು ತಳ್ಳಿಹಾಕುವಂತಿಲ್ಲ. ಆದರೆ ತಪ್ಪಲ್ಲದ ಬಳಕೆಯೆಲ್ಲ ಒಳ್ಳೆಯ ಬಳಕೆ ಆಗಬೇಕೆಂದೂ ಇಲ್ಲ. ‘ಬಹಳ’ ಎನ್ನಲು ಇಂಗ್ಲಿಷಿನಲ್ಲಿ ಮೆನಿ, ಪ್ಲೆಂಟಿ, ಅಬಂಡೆನ್ಸ್, ಪ್ರೊಫ್ಯೂಷನ್ ಎಂದು ಪದಗಳು ಸಾಲುಗಟ್ಟಿವೆ. ತುಂಬಿ ತೊಡಕಾದ ಸ್ಥಿತಿಯನ್ನು, ಅದೂ ತುಂಬಿಕೊಂಡವನ ಒಳಗಿನಿಂದ ನೋಡಿ, ಹೇಳುವ ಪದಗಳು ಕಡಿಮೆ. ಇರುವ ಒಂದನ್ನು ಸಾಮಾನ್ಯ ಪದಗಳ ಗುಂಪಿಗೆ ಸೇರಿಸಿದರೆ ಭಾಷೆಗೆ ಸಿಗುವುದು ಏನೂ ಇಲ್ಲ, ಕಳೆದುಹೋಗುವುದು ಒಂದು ಸೂಕ್ಷ್ಮ ಭೇದ. ಬಿಗಿ ಅರ್ಥದ ಪರವಾದ ಬಲವಾದ ವಾದ ಇದು. ಇದಕ್ಕೆ ಗ್ರೀಕ್ ಮೂಲದ ಆಸರೆ ಬೇಕಿಲ್ಲ.

ನೆರೆಪದಗಳು

ಆಧಿಕ್ಯ ಸೂಚಿಸುವ ಇತರ ಇಂಗ್ಲಿಷ್ ಪದಗಳ ಪಕ್ಕದಲ್ಲಿ ಇಟ್ಟರೆ ಈ ಭೇದ ತಿಳಿಯಾಗುತ್ತದೆ. ಎಕ್ಸೆಸ್ ಎಂದರೆ ಗಡಿ ದಾಟಿದ್ದು. ಸರ್‌ಪ್ಲಸ್ ಎಂದರೆ ಖರ್ಚು ಕಳೆದು ಉಳಿದದ್ದು. ಉಳಿತಾಯದ ಬಜೆಟ್ ಎನ್ನುವಾಗ ಅದು ಒಳ್ಳೆಯ ಸುದ್ದಿ. ಸೂಪರ್‌ಫ್ಲುಯಿಟಿ ಎಂದರೆ ಇಲ್ಲದಿದ್ದರೂ ನಡೆಯುವಂಥದ್ದು. ಸರ್ಫಿಟ್ ಎಂದರೆ ಓಕರಿಕೆ ಬರುವಷ್ಟು ಉಂಡದ್ದು; ಇಂಗ್ಲೆಂಡಿನ ಒಂದನೆಯ ಹೆನ್ರಿ 1135ರಲ್ಲಿ ವೈದ್ಯನ ಮಾತು ಮೀರಿ ಲ್ಯಾಂಪ್ರಿ ಎಂಬ ಹಾವಿನಾಕಾರದ ಮೀನನ್ನು ತಿಂದು ತೀರಿಕೊಂಡನೆಂದು ಹಂಟಿಂಗ್ಡನ್ನಿನ ಹೆನ್ರಿ ಎಂಬ ಚರಿತ್ರಕಾರ ಬರೆದ ಮೇಲೆ ಆ ಪದ ಆ ಮೀನಿನ ಜತೆಗೇ ಇಂಗ್ಲಿಷ್ ಓದುಗರ ನೆನಪಿನಲ್ಲಿ ಉಳಿಯಿತು. ‘ನುಂಗು’ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಗ್ಲಟ್ ಇಂದು ಮಾರುಕಟ್ಟೆಯ ಪದ: ಕೊಳ್ಳುವವರಿಗಿಂತ ಸರಕು ಹೆಚ್ಚಾಗಿರುವುದು. ಇಡೀ ಅರ್ಥವ್ಯವಸ್ಥೆಯಲ್ಲಿ ಹೀಗೆ ಆಗಲು ಸಾಧ್ಯವೇ ಎಂಬುದು 19ನೆಯ ಶತಮಾನದ ಆರಂಭದ ದೊಡ್ಡ ವಿವಾದ. ಅರ್ಥಶಾಸ್ತ್ರಜ್ಞರಾದ ಸಿಸ್ಮೊಂಡಿ 1819ರಲ್ಲೂ ಮಾಲ್ಥಸ್ 1820ರಲ್ಲೂ ಸಾಧ್ಯ ಎಂದರು. ಉತ್ಪಾದನೆಯೇ ಬೇಡಿಕೆಯನ್ನು ಹುಟ್ಟಿಸುತ್ತದೆ ಎಂದು ನಂಬಿದ್ದ ಸೇ ಮತ್ತು ರಿಕಾರ್ಡೊ ಒಪ್ಪಲಿಲ್ಲ. 1936ರಲ್ಲಿ ಕೇನ್ಸ್ ಮಾಲ್ಥಸನ ಪರ ನಿಂತ. ಸರಕು ಹೆಚ್ಚಾಯಿತೋ ಕೊಳ್ಳುವ ಶಕ್ತಿ ಕಡಿಮೆಯಾಯಿತೋ ಎಂಬುದೇ ಆ ವಿವಾದದ ತಿರುಳು. ಅದನ್ನು ಗೇಲೆನ್ನನ ಎರಡು ಅಳತೆಗಳ ನಡುವಿನ ಚರ್ಚೆ ಎಂದೂ ಓದಬಹುದು.

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆ ಇದನ್ನು ಕಣ್ಣೆದುರೇ ತೋರಿಸುತ್ತದೆ. ಆವಕ ಏರಿದ ವಾರಗಳಲ್ಲಿ ಬೆಲೆ ಕೊಯ್ಲಿನ ಕೂಲಿಗೂ ಸಾಲದಷ್ಟು ಕುಸಿದು, ಬೆಳೆದವರು ಹಣ್ಣನ್ನು ರಸ್ತೆಗೆ ಸುರಿದದ್ದು ಮತ್ತೆಮತ್ತೆ ನಡೆದಿದೆ. ಅದೇ ಟೊಮೆಟೊ 2023ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತು. ರಸ್ತೆಗೆ ಸುರಿದ ದಿನವೂ ನಾಡಿನಲ್ಲಿ ಟೊಮೆಟೊ ಬೇಕಾದ ಮನೆಗಳಿದ್ದವು. ಇಲ್ಲದ್ದು ಹಣ್ಣನ್ನು ಕಾಯ್ದಿಡುವ ಶೀತಲಗೃಹ, ಸಂಸ್ಕರಿಸುವ ಘಟಕ, ದೂರದ ಊರಿಗೆ ತಡವಿಲ್ಲದೆ ಒಯ್ಯುವ ವ್ಯವಸ್ಥೆ. ರೈತರು ಅತಿಯಾಗಿ ಬೆಳೆದರು ಎಂದು ಹೇಳಿ ಸುಮ್ಮನಾದರೆ ಹೊಣೆಯೆಲ್ಲ ಬೆಳೆಯ ಮೇಲೆ ಬೀಳುತ್ತದೆ. ಪಾತ್ರೆ ಸಣ್ಣದಾಯಿತು ಎಂದು ಹೇಳಿದರೆ ದಾರಿ ಕಾಣುತ್ತದೆ. ಆಧಿಕ್ಯದ ಪದಗಳನ್ನು ಎಚ್ಚರದಿಂದ ಬಳಸಬೇಕೆಂದು ಒತ್ತಾಯಿಸಲು ಇಷ್ಟು ಕಾರಣ ಸಾಕು: ಅಳತೆಯನ್ನು ಹೇಳದ ‘ಅತಿ’ ತಪ್ಪಾದ ಕಡೆ ಬೆರಳು ತೋರಿಸುತ್ತದೆ.

ಆಧಿಕ್ಯ ಯಾವಾಗಲೂ ಕೆಟ್ಟದ್ದೇ?

ಅತಿ ಎಂಬುದನ್ನು ಸಂಖ್ಯೆಯಿಂದಲೇ ಹೇಳಬಹುದು ಎನ್ನುವವರು ಆಯ್ಕೆಗಳ ಕುರಿತ ಪ್ರಸಿದ್ಧ ಪ್ರಯೋಗವನ್ನು ಎತ್ತಿಹೇಳುತ್ತಾರೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ 2000ದಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ರುಚಿ ನೋಡಲು ನಿಂತವರಲ್ಲಿ ಶೇಕಡಾ 3ರಷ್ಟು ಜನ ಕೊಂಡರು. 6 ಬಗೆ ಇಟ್ಟಾಗ ಶೇಕಡಾ 30ರಷ್ಟು ಜನ ಕೊಂಡರು. ಆಯ್ಕೆ ಹೆಚ್ಚಿದಷ್ಟೂ ಮನಸ್ಸು ಸೋಲುತ್ತದೆ ಎಂಬ ಸರಳ ಸೂತ್ರ ಇದರಿಂದ ಹೊರಟಿತು. ಆದರೆ ಇಂಥ 50 ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆಯಾಗಿತ್ತು. 2015ರ ಇನ್ನೊಂದು ವಿಶ್ಲೇಷಣೆ ಪರಿಣಾಮ ಯಾವಾಗ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳಿತು: ಆರಿಸುವವನಿಗೆ ತನಗೆ ಏನು ಬೇಕೆಂದು ಗೊತ್ತಿಲ್ಲದಾಗ, ಆಯ್ಕೆಗಳು ಹೋಲಿಸಲು ಕಷ್ಟವಾಗಿದ್ದಾಗ, ನಿರ್ಧಾರವೇ ಜಟಿಲವಾಗಿದ್ದಾಗ. ಎಂದರೆ 24 ಎಂಬ ಸಂಖ್ಯೆ ತಾನಾಗಿ ಅತಿಯಲ್ಲ. ಆರಿಸುವವನ ಕಸುವಿಗೆ ಅದು ಅತಿಯಾಗಬಹುದು. ಸೂತ್ರವನ್ನು ಬೆಂಬಲಿಸಲು ತಂದ ಸಾಕ್ಷಿ ಕಸುವಿನ ಅಳತೆಯನ್ನೇ ಎತ್ತಿಹಿಡಿಯುತ್ತದೆ.

ಇನ್ನೊಂದು ಆಕ್ಷೇಪಣೆ ಎದುರು ದಿಕ್ಕಿನಿಂದ ಬರುತ್ತದೆ: ಪ್ರಕೃತಿಯಲ್ಲೂ ಯಂತ್ರಗಳಲ್ಲೂ ಹೆಚ್ಚುವರಿಯೇ ರಕ್ಷಣೆ, ಹಾಗಿರುವಾಗ ಆಧಿಕ್ಯವನ್ನು ದೋಷವೆಂದು ಏಕೆ ನೋಡಬೇಕು? ಒಂದು ಮೂತ್ರಪಿಂಡ ಕೊಟ್ಟವರು ಉಳಿದ ಒಂದರಿಂದ ಬದುಕಬಲ್ಲರು. ಬೋಯಿಂಗ್ 747 ವಿಮಾನದಲ್ಲಿ ನಾಲ್ಕು ಹೈಡ್ರಾಲಿಕ್ ವ್ಯವಸ್ಥೆಗಳಿವೆ. ಕ್ಲಾಡ್ ಶ್ಯಾನನ್ 1948ರಲ್ಲಿ ಮಾಹಿತಿ ಸಿದ್ಧಾಂತವನ್ನು ಮಂಡಿಸುವಾಗ ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಸುಮಾರು ಅರ್ಧದಷ್ಟು ಹೆಚ್ಚುವರಿ ಇದೆ ಎಂದು ಲೆಕ್ಕಹಾಕಿದ. ಅಕ್ಷರಗಳು ಅಳಿಸಿಹೋದರೂ ವಾಕ್ಯ ಅರ್ಥವಾಗುವುದು ಅದರಿಂದಲೇ. ಈ ಉದಾಹರಣೆಗಳು ಪ್ಲೆಥೊರದ ಬಿಗಿ ಅರ್ಥವನ್ನು ಅಲುಗಿಸುವುದಿಲ್ಲ. ಎರಡನೆಯ ಮೂತ್ರಪಿಂಡ ನಿತ್ಯದ ಕೆಲಸಕ್ಕೆ ಹೆಚ್ಚು, ಆಪತ್ತಿನ ದಿನಕ್ಕೆ ತಕ್ಕಷ್ಟು. ಅಳತೆಗೋಲು ಬದಲಾದ ಕೂಡಲೇ ಹೆಚ್ಚುವರಿ ಅಗತ್ಯವಾಗುತ್ತದೆ. ಆದ್ದರಿಂದ ಮುಂಜಾಗ್ರತೆಯ ಹೆಚ್ಚಳಕ್ಕೆ ಪ್ಲೆಥೊರ ಎಂಬ ಹೆಸರು ಸಲ್ಲದು; ಹೊರುವವನನ್ನು ಕುಗ್ಗಿಸುವ ಹೆಚ್ಚಳಕ್ಕೆ ಸಲ್ಲುತ್ತದೆ. 2020ರ ಫೆಬ್ರುವರಿಯಲ್ಲಿ ಕೋವಿಡ್ ಬಗ್ಗೆ ನಿಜವೂ ಸುಳ್ಳೂ ಬೆರೆತ ಮಾಹಿತಿ ಉಕ್ಕಿಬಂದು ಜನಕ್ಕೆ ನಂಬಲರ್ಹ ಮೂಲ ಸಿಗದಂತಾದಾಗ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರೋಗದ ಹೆಸರಿನ ಮಾದರಿಯಲ್ಲಿ ಇನ್ಫೊಡೆಮಿಕ್ ಎಂದು ಕರೆಯಿತು. ಮಾಹಿತಿಯ ಹೆಚ್ಚಳಕ್ಕೆ ವೈದ್ಯದ ಭಾಷೆ ಮತ್ತೆ ಬೇಕಾದದ್ದು ಆಕಸ್ಮಿಕವಲ್ಲ.

ಕನ್ನಡದಲ್ಲಿ

ಕನ್ನಡದಲ್ಲಿ ಪ್ಲೆಥೊರಕ್ಕೆ ಒಂದೇ ಸಮಾನಪದ ಹುಡುಕುವುದು ವ್ಯರ್ಥ. ಕನ್ನಡ ಆಧಿಕ್ಯವನ್ನು ಹೇಳುವ ರೀತಿಯಲ್ಲೇ ಅಳತೆಗಳು ಅಡಗಿವೆ. ಕೈತುಂಬ ಸಂಬಳ, ಹೊಟ್ಟೆತುಂಬ ಊಟ, ಮನೆತುಂಬ ನೆಂಟರು, ಮೈತುಂಬ ಸಾಲ ಇವೆಲ್ಲ ಪಾತ್ರೆಯ ಅಳತೆಗಳು. ಕೈಮೀರಿದ ಕೆಲಸ, ಶಕ್ತಿಮೀರಿದ ಖರ್ಚು, ಅರಗದ ಊಟ ಇವು ಕಸುವಿನ ಅಳತೆಗಳು. ಬೇಕಾದಷ್ಟು, ಯಥೇಚ್ಛ ಎಂಬವುಗಳಲ್ಲಿ ಅಳತೆಗೋಲು ಬಯಕೆ. ಸಾಕಷ್ಟು ಎಂಬುದರಲ್ಲಿ ತೃಪ್ತಿ. ಸಡಿಲಿಕೆ ಕನ್ನಡಕ್ಕೂ ಹೊಸದಲ್ಲ. ‘ಸಾಕಷ್ಟು ತೊಂದರೆ ಕೊಟ್ಟರು’ ಎನ್ನುವಾಗ ಯಾರಿಗೂ ತೊಂದರೆ ಸಾಕಾಗುವಷ್ಟು ಬೇಕಿರಲಿಲ್ಲ. ವ್ಯತಿರಿಕ್ತ ಎಂಬ ಅರ್ಥದ ವಿಪರೀತ ಇಂದು ವಿಪರೀತ ಮಳೆಯನ್ನೂ ಹೇಳುತ್ತದೆ, ವಿಪರೀತ ಪ್ರೀತಿಯನ್ನೂ ಹೇಳುತ್ತದೆ. ಇಂಥ ಬದಲಾವಣೆಯನ್ನು ಒಪ್ಪಿಕೊಂಡೂ ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯಲ್ಲಿ ಕನ್ನಡ ‘ಅತಿ’ಯ ಬಿಗಿ ಅರ್ಥವನ್ನು ಕಾಪಾಡಿಕೊಂಡಿದೆ.

ಅನುವಾದಕರು ಈ ಸಂಪತ್ತನ್ನು ಬಳಸಿಕೊಳ್ಳಬೇಕು. ಒಂದು ನಗರದಲ್ಲಿ ಹೋಟೆಲುಗಳ ಪ್ಲೆಥೊರವಿದೆ ಎಂಬ ಇಂಗ್ಲಿಷ್ ವಾಕ್ಯ ಪ್ರವಾಸಿ ಕೈಪಿಡಿಯಲ್ಲಿ ಬಂದರೆ ‘ಊರಿನಲ್ಲಿ ಬೇಕಾದಷ್ಟು ಹೋಟೆಲುಗಳಿವೆ’ ಎಂಬುದು ಸರಿ. ವಾಣಿಜ್ಯ ಪುಟದಲ್ಲಿ ಬಂದರೆ ‘ಬರುವ ಗಿರಾಕಿಗಳಿಗಿಂತ ಹೋಟೆಲುಗಳೇ ಹೆಚ್ಚಾಗಿವೆ’ ಎನ್ನಬೇಕು. ನೀರು ಸರಬರಾಜಿನ ವರದಿಯಲ್ಲಿ ಬಂದರೆ ‘ಊರಿನ ನೀರು ತಾಳಲಾರದಷ್ಟು ಹೋಟೆಲುಗಳು ಎದ್ದಿವೆ’ ಎಂಬುದೇ ಅನುವಾದ. ಮೂರೂ ಕಡೆ ‘ಹೇರಳ’ ಎಂದು ಬರೆದರೆ ನಿಘಂಟಿಗೆ ನಿಷ್ಠೆ ತೋರಿಸಿದಂತಾಗುತ್ತದೆ, ಓದುಗರಿಗೆ ಮಾತ್ರ ಹೂರಣ ದಕ್ಕುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ: ಪ್ಲೆಥೊರ ಎಂದು ಬರೆಯುವ ಮೊದಲು, ಯಾವುದಕ್ಕೆ ಅತಿ, ಯಾರಿಗೆ ಅತಿ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಕ್ಕರೆ ಪದ ತನ್ನ ಜಾಗದಲ್ಲಿದೆ. ಸಿಗದಿದ್ದರೆ ‘ಬಹಳ’ ಎಂದು ಬರೆಯುವುದೇ ಪ್ರಾಮಾಣಿಕ.